ಕೋಗಿಲೆ ಕಣಜಗಳ ಕುಲಗೋತ್ರ

ಹಂಚಿನ ಮನೆಯ ಜಂತಿಯ ಸಂದಿಯಲ್ಲೋ ಕಿಟಕಿ ಚೌಕಟ್ಟಿನ ಮೂಲೆಯಲ್ಲೋ ಕಣಜವೊಂದು ಹಸಿಮಣ್ಣು ತಂದು ಗೂಡು ಕಟ್ಟುತ್ತದೆ. ಒಳಗೆ ಹುಳುವನ್ನಿಟ್ಟು ಬಾಯಿ ಮುಚ್ಚಿ ಹಾರಿಹೋಗುತ್ತದೆ. ಕೆಲವು ವಾರ ಕಳೆದ ಮೇಲೆ ಅದೇ ಗೂಡನ್ನು ಕೊರೆದು ಹೊರಬರುವುದು ಹುಳುವಲ್ಲ, ಕಣಜ. ಒಳಗಿದ್ದ ಹುಳು ಕಣಜವನ್ನೇ ಧ್ಯಾನಿಸುತ್ತ ಕಣಜವಾಯಿತು ಎಂದು ನಮ್ಮ ಹಿರಿಯರು ಇದನ್ನು ಅರ್ಥ ಮಾಡಿಕೊಂಡರು. ವೇದಾಂತಿಗಳಿಗೆ ಪ್ರಿಯವಾದ ಕೀಟ-ಭ್ರಮರ ನ್ಯಾಯದ ಬೇರು ಇಲ್ಲಿದೆ. ಆದರೆ ಒಮ್ಮೊಮ್ಮೆ ಈ ನ್ಯಾಯಕ್ಕೆ ಒಗ್ಗದ ಜೀವಿಯೊಂದು ಗೂಡಿನಿಂದ ಹೊರಬೀಳುತ್ತದೆ. ಅದು ಗೂಡು ಕಟ್ಟಿದ ಕಣಜವನ್ನು ಹೋಲುವುದಿಲ್ಲ, ಒಳಗಿಟ್ಟ ಹುಳುವನ್ನೂ ಹೋಲುವುದಿಲ್ಲ. ಮೈತುಂಬ ಹಸಿರು, ನೀಲಿ, ನೇರಳೆಯ ಲೋಹದ ಹೊಳಪು. ಇದೇ ಕೋಗಿಲೆ ಕಣಜ.

ಬೇರೆಯವರ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವ ಚಾಳಿಯಿಂದ ಈ ಹೆಸರು ಬಂದಿದೆ. ಕೀಟಶಾಸ್ತ್ರಜ್ಞರು ಇವನ್ನು ಕ್ರಿಸಿಡಿಡೇ ಎಂಬ ಕುಟುಂಬದಲ್ಲಿ ಇಡುತ್ತಾರೆ. ಇರುವೆ, ಜೇನ್ನೊಣ, ಕಣಜಗಳೆಲ್ಲ ಸೇರುವ ಹೈಮೆನಾಪ್ಟೆರಾ ಗಣಕ್ಕೆ ಸೇರಿದ ಈ ಕುಟುಂಬದಲ್ಲಿ ಈವರೆಗೆ ಹೆಸರು ಪಡೆದ ಪ್ರಭೇದಗಳು ಸುಮಾರು 2,500ರಿಂದ 3,000. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇವುಗಳ ನೆಲೆಯಿದೆ. ಇವನ್ನು ವಿಂಗಡಿಸಲು ಎರಡೂವರೆ ಶತಮಾನಗಳಿಂದ ನಡೆದ ಪ್ರಯತ್ನಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಣ್ಣಿಗೆ ಮೊದಲು ಬೀಳುವ ಬಣ್ಣ ವಿದ್ವಾಂಸರನ್ನು ಮತ್ತೆ ಮತ್ತೆ ದಾರಿ ತಪ್ಪಿಸಿದೆ. ಈ ಕಣಜ ಯಾರ ಮನೆಗೆ ಕನ್ನ ಹಾಕುತ್ತದೆ ಎಂದು ಕೇಳಿದಾಗಲೆಲ್ಲ ಕುಟುಂಬದ ಒಳಗಿನ ನಂಟುಗಳು ತಿಳಿಯಾಗುತ್ತ ಬಂದಿವೆ.

ಕುಟುಕಲಾರದ ಕಣಜ

ಕೋಗಿಲೆ ಕಣಜ ಕುಟುಕುವ ಕಣಜಗಳ ವಂಶದ್ದೇ. ಆದರೆ ಅದರ ಕೊಂಡಿ ಕ್ಷೀಣಿಸಿ, ಕುಟುಕುವ ಕೆಲಸಕ್ಕೆ ಬಾರದಂತಾಗಿದೆ. ಬಹುಪಾಲು ಪ್ರಭೇದಗಳಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಮೂರೇ ಫಲಕಗಳು ಕಾಣುತ್ತವೆ. ಉಳಿದ ಖಂಡಗಳು ಒಂದರೊಳಗೊಂದು ಸರಿಯುವ ಕೊಳವೆಯಾಗಿ ಒಳಗೆ ಮಡಚಿಕೊಂಡಿರುತ್ತವೆ. ಮೊಟ್ಟೆಯಿಡುವಾಗ ಹೆಣ್ಣು ಈ ಕೊಳವೆಯನ್ನು ಹೊರಚಾಚಿ, ತಾನು ಪೂರ್ತಿ ನುಗ್ಗಲಾಗದ ಸಂದಿಗೂ ಮೊಟ್ಟೆ ತಲುಪಿಸುತ್ತದೆ.

ಅಸ್ತ್ರವಿಲ್ಲದ ಈ ಕಳ್ಳನಿಗೆ ಕವಚವಿದೆ. ಮೈಚಿಪ್ಪು ದಪ್ಪ, ಅದರ ಮೇಲೆ ಒತ್ತೊತ್ತಾದ ಕುಳಿಗಳು. ಹೊಟ್ಟೆಯ ಕೆಳಭಾಗ ಉಬ್ಬುವ ಬದಲು ಒಳಕ್ಕೆ ತಗ್ಗಾಗಿರುತ್ತದೆ. ಗೂಡಿನ ಒಡತಿ ಎದುರಾದರೆ ಕೋಗಿಲೆ ಕಣಜ ತಲೆ, ಕಾಲು, ಮೀಸೆಗಳನ್ನು ಆ ತಗ್ಗಿಗೆ ಸೇರಿಸಿ ಉಂಡೆಯಾಗಿಬಿಡುತ್ತದೆ. ಆಗ ಹೊರಗೆ ಉಳಿಯುವುದು ರೆಕ್ಕೆಗಳಷ್ಟೇ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕೀಟತಜ್ಞ ಲೆಪೆಲೆಟಿಯೆ ದ ಸೇಂಟ್ ಫಾರ್ಗೊ ದಾಖಲಿಸಿದ ಪ್ರಸಂಗವೊಂದನ್ನು ಈ ವಿಷಯದ ಬರಹಗಳು ಇಂದಿಗೂ ನೆನೆಯುತ್ತವೆ. ಗೂಡಿಗೆ ಮರಳಿದ ಒಂಟಿಜೇನು ಉಂಡೆಯಾದ ಕಳ್ಳನನ್ನು ಕುಟುಕಲಾಗದೆ ಅದರ ರೆಕ್ಕೆಗಳನ್ನು ಕತ್ತರಿಸಿ ಕೆಳಗೆ ಕೆಡವಿತು. ಜೇನು ಮತ್ತೆ ಪರಾಗಕ್ಕೆ ಹೊರಟ ಮೇಲೆ ಕೋಗಿಲೆ ಕಣಜ ನಡೆದೇ ಗೂಡಿಗೆ ಹತ್ತಿ ಮೊಟ್ಟೆಯಿಟ್ಟಿತು.

ಇನ್ನು ಬಣ್ಣ. ಅದು ಬಣ್ಣದ ದ್ರವ್ಯದಿಂದ ಬಂದದ್ದಲ್ಲ. ಚಿಪ್ಪಿನ ಹೊರಪದರದಲ್ಲಿ ಅತಿ ತೆಳುವಾದ ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ. ಪ್ರತಿ ಹಾಳೆಯಿಂದ ಹಿಂತಿರುಗಿದ ಬೆಳಕು ಕೂಡಿಕೊಂಡೋ ಕಳೆದುಕೊಂಡೋ ಹೊಳಪು ಹುಟ್ಟುತ್ತದೆ. ಸಾಬೂನಿನ ಗುಳ್ಳೆಯ ಮೇಲೆ ಬಣ್ಣ ಓಡಾಡುವುದು ಇದೇ ತತ್ವದಿಂದ. ಜರ್ಮನಿಯ ಸಂಶೋಧಕರು 2009ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಈ ಪದರಗಳನ್ನು ವಿವರಿಸಿದರು. ದ್ರವ್ಯವಿಲ್ಲದ ಕಾರಣ ಬಣ್ಣ ಮಾಸುವುದಿಲ್ಲ. ನೂರು ವರ್ಷಕ್ಕೂ ಹಳೆಯ ಮಾದರಿಗಳು ಸಂಗ್ರಹಾಲಯದ ಪೆಟ್ಟಿಗೆಗಳಲ್ಲಿ ನಿನ್ನೆ ಹಿಡಿದವುಗಳಂತೆ ಹೊಳೆಯುತ್ತವೆ. ಆದರೆ ಪದರದ ದಪ್ಪ ಚೂರು ಹೆಚ್ಚುಕಡಿಮೆಯಾದರೆ ಹಸಿರು ನೀಲಿಯಾಗುತ್ತದೆ ಅಥವಾ ಹೊಂಬಣ್ಣಕ್ಕೆ ತಿರುಗುತ್ತದೆ. ಒಂದೇ ಪ್ರಭೇದ ಊರಿಂದೂರಿಗೆ ಬಣ್ಣ ಬದಲಿಸುವುದೂ ಬೇರೆ ಬೇರೆ ಪ್ರಭೇದಗಳು ಒಂದೇ ಬಣ್ಣ ತೊಡುವುದೂ ಸಾಮಾನ್ಯ. ಬಣ್ಣ ನೋಡಿ ಹೆಸರಿಟ್ಟವರು ಸೋತದ್ದು ಇಲ್ಲಿ.

ನಾಲ್ಕು ಉಪಕುಟುಂಬ, ಬಗೆಬಗೆಯ ಬದುಕು

ಇಂದು ರೂಢಿಯಲ್ಲಿರುವ ವರ್ಗೀಕರಣ ಕ್ರಿಸಿಡಿಡೇ ಕುಟುಂಬವನ್ನು ನಾಲ್ಕು ಉಪಕುಟುಂಬಗಳಾಗಿ ಒಡೆಯುತ್ತದೆ: ಕ್ಲೆಪ್ಟಿನೇ, ಅಮಿಸೆಜಿನೇ, ಲೊಬೊಸೆಲಿಡಿಯಿನೇ ಮತ್ತು ಕ್ರಿಸಿಡಿನೇ. ಈ ಗೆರೆಗಳನ್ನು ಎಳೆದದ್ದು ದೇಹರಚನೆಯ ಆಧಾರದ ಮೇಲೆ. ಆದರೆ ಬಲಿಯ ಆಯ್ಕೆಯೂ ಬಹುಮಟ್ಟಿಗೆ ಈ ಗೆರೆಗಳನ್ನೇ ಅನುಸರಿಸುವುದು ಗಮನಾರ್ಹ.

ಕ್ಲೆಪ್ಟಿನೇಗಳಲ್ಲಿ ಹೊಟ್ಟೆಯ ಕೆಳಭಾಗ ಅಷ್ಟು ತಗ್ಗಾಗಿರುವುದಿಲ್ಲ. ಕಾಣುವ ಫಲಕಗಳೂ ಹೆಚ್ಚು, ಹೆಣ್ಣಿನಲ್ಲಿ ನಾಲ್ಕು, ಗಂಡಿನಲ್ಲಿ ಐದು. ಇವು ಗೂಡುಕಳ್ಳತನಕ್ಕೆ ಇಳಿದವಲ್ಲ. ಗರಗಸ ನೊಣಗಳ ಮರಿಹುಳು ಬೆಳೆದು ಮಣ್ಣಿಗಿಳಿದು ಕೋಶ ಹೆಣೆದುಕೊಂಡ ಮೇಲೆ ಕ್ಲೆಪ್ಟಿಸ್ ಹೆಣ್ಣು ಆ ಕೋಶಕ್ಕೆ ತೂತು ಕೊರೆದು ಮೊಟ್ಟೆ ಸೇರಿಸುತ್ತದೆ. ಕದಿಯಲು ಅಲ್ಲಿ ಯಾರೂ ಕೂಡಿಟ್ಟ ಆಹಾರವಿಲ್ಲ. ಕೋಶದೊಳಗಿನ ಹುಳುವೇ ಆಹಾರ.

ಅಮಿಸೆಜಿನೇಗಳ ಬಲಿ ಇನ್ನೂ ವಿಚಿತ್ರ: ಕಡ್ಡಿಹುಳುಗಳ ಮೊಟ್ಟೆ. ಕಡ್ಡಿಹುಳುಗಳಲ್ಲಿ ಹಲವು ತಮ್ಮ ಗಟ್ಟಿ ಚಿಪ್ಪಿನ ಮೊಟ್ಟೆಗಳನ್ನು ಮರದ ಮೇಲಿಂದ ನೆಲಕ್ಕೆ ಉದುರಿಸಿಬಿಡುತ್ತವೆ. ಬೀಜದಂತೆ ತರಗೆಲೆಯಲ್ಲಿ ಹರಡಿಬಿದ್ದ ಆ ಮೊಟ್ಟೆಗಳನ್ನು ಹುಡುಕುವ ಕೆಲಸಕ್ಕೆ ರೆಕ್ಕೆಗಿಂತ ಕಾಲು ಮುಖ್ಯ. ಅನೇಕ ಅಮಿಸೆಜಿನೇ ಹೆಣ್ಣುಗಳಿಗೆ ರೆಕ್ಕೆ ಮೊಟಕು. ನೆಲದಲ್ಲಿ ಓಡಾಡುವಾಗ ನೋಡುವವರು ಇರುವೆಯೆಂದೇ ತಿಳಿಯಬೇಕು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಲ್ ಕ್ರೊಂಬೈನ್ ಶ್ರೀಲಂಕಾದಲ್ಲಿ ನಡೆಸಿದ ಸಂಗ್ರಹದ ಫಲವಾಗಿ 1983ರಲ್ಲಿ ಈ ಗುಂಪಿನ ಮೇಲೆ ದೊಡ್ಡ ಪ್ರಬಂಧ ಹೊರಬಂತು. ಶ್ರೀಲಂಕಾ ಮತ್ತು ಪಶ್ಚಿಮ ಘಟ್ಟ ಜೀವವೈವಿಧ್ಯದ ದೃಷ್ಟಿಯಿಂದ ಒಂದೇ ವಲಯವೆಂದು ಪರಿಗಣಿತವಾಗಿವೆ. ಮಲೆನಾಡಿನ ತರಗೆಲೆಯನ್ನು ಜರಡಿ ಹಿಡಿಯುವವರಿಗೆ ಆ ಪ್ರಬಂಧ ಒಳ್ಳೆಯ ದಾರಿದೀಪ.

ಲೊಬೊಸೆಲಿಡಿಯಿನೇ ಉಪಕುಟುಂಬದ ಚರಿತ್ರೆ ವರ್ಗೀಕರಣ ಎಷ್ಟು ಅಲೆದಾಡಬಲ್ಲದು ಎಂಬುದಕ್ಕೆ ಸಾಕ್ಷಿ. ಇಂಗ್ಲೆಂಡಿನ ವೆಸ್ಟ್‌ವುಡ್ 1874ರಲ್ಲಿ ಲೊಬೊಸೆಲಿಡಿಯಾ ಎಂಬ ಕುಲವನ್ನು ವಿವರಿಸಿದಾಗ ಅದರಲ್ಲಿ ಕೋಗಿಲೆ ಕಣಜದ ಒಂದು ಲಕ್ಷಣವೂ ಮೇಲ್ನೋಟಕ್ಕೆ ಸಿಗುವಂತಿರಲಿಲ್ಲ. ಲೋಹದ ಹೊಳಪಿಲ್ಲ, ಮೈ ಕಂದು, ತಲೆ ಹಿಂದಕ್ಕೆ ಚಾಚಿದೆ, ಕಾಲುಗಳಲ್ಲಿ ಚಪ್ಪಟೆ ಅಂಚುಗಳಿವೆ. ಅದನ್ನು ಎಲ್ಲಿ ಸೇರಿಸುವುದೆಂದು ತಿಳಿಯದೆ ಕೊನೆಗೆ 1961ರಲ್ಲಿ ಮಾ ಮತ್ತು ಯೋಶಿಮೊಟೊ ಅದಕ್ಕೆಂದೇ ಪ್ರತ್ಯೇಕ ಕುಟುಂಬ ಕಟ್ಟಿದರು. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಎಂ. ಸಿ. ಡೇ ದೇಹರಚನೆಯನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ, ಇದು ಕೋಗಿಲೆ ಕಣಜವೇ ಎಂದು ತೋರಿಸಿದರು. ಇವುಗಳ ಬಲಿಯೂ ಕಡ್ಡಿಹುಳುವಿನ ಮೊಟ್ಟೆಯೇ. ಅಂದರೆ ಅಮಿಸೆಜಿನೇಗಳ ದಾಯಾದಿಗಳು. ರೂಪ ಮರೆಮಾಚಿದ್ದ ನಂಟನ್ನು ಬದುಕಿನ ರೀತಿ ಮೊದಲೇ ಹೇಳುತ್ತಿತ್ತು.

ಉಳಿದದ್ದು ಕ್ರಿಸಿಡಿನೇ. ನಾವು ಕಾಣುವ ಹೊಳಪಿನ ಕೋಗಿಲೆ ಕಣಜಗಳೆಲ್ಲ ಬಹುಮಟ್ಟಿಗೆ ಇವೇ. ಕುಟುಂಬದ ಬಹುಪಾಲು ಪ್ರಭೇದಗಳು ಇದರಲ್ಲಿವೆ. ಈ ಉಪಕುಟುಂಬದ ನಾಲ್ಕು ಪಂಗಡಗಳಲ್ಲಿ ಎರಡು ಸಣ್ಣವು: ದಕ್ಷಿಣ ಆಫ್ರಿಕಾ ಭಾಗಕ್ಕೆ ಸೀಮಿತವಾದ, ಪರಾಗ ಕೂಡಿಡುವ ಮಸಾರಿನೇ ಕಣಜಗಳ ಗೂಡಿಗೆ ನುಗ್ಗುವ ಅಲೊಸೀಲಿಯಿನಿ ಮತ್ತು ಮರಳಿನಲ್ಲಿ ಬಿಲ ತೋಡುವ ಬೆಂಬಿಕ್ಸ್ ಕಣಜಗಳನ್ನು ಹಿಂಬಾಲಿಸುವ, ಉದ್ದ ನಾಲಿಗೆಯ ಪಾರ್ನೋಪಿನಿ. ದೊಡ್ಡವು ಎಲಾಂಪಿನಿ ಮತ್ತು ಕ್ರಿಸಿಡಿನಿ.

ಎಲಾಂಪಿನಿಗಳ ಜಾಣತನ ಬೆರಗು ಹುಟ್ಟಿಸುವಂಥದ್ದು. ಯುರೋಪಿನಲ್ಲಿ ಫಿಲಾಂಥಸ್ ಟ್ರಯಾಂಗುಲಮ್ ಎಂಬ ಬೇಟೆಗಾರ ಕಣಜವಿದೆ. ಜೇನ್ನೊಣಗಳನ್ನು ಕುಟುಕಿ ನಿಶ್ಚಲಗೊಳಿಸಿ ನೆಲದ ಬಿಲಕ್ಕೆ ಸಾಗಿಸುತ್ತದೆ. ಬಿಲದ ಬಾಯಿಯ ಬಳಿ ಕಾದು ಕೂತ ಹೆಡಿಕ್ರಮ್ ರುಟಿಲಾನ್ಸ್ ಎಂಬ ಎಲಾಂಪಿನಿ ಕಣಜ ಆ ಜೇನ್ನೊಣದ ಮೇಲೆಯೇ ಮೊಟ್ಟೆ ಅಂಟಿಸಲು ಹವಣಿಸುತ್ತದೆ. ಅದರ ಬಂಧುಗಳಾದ ಓಮಲಸ್ ಮತ್ತು ಸ್ಯೂಡೋಮಲಸ್ ಕುಲಗಳ ಕೆಲವು ಪ್ರಭೇದಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅವು ಗೂಡನ್ನು ಹುಡುಕುವುದೇ ಇಲ್ಲ. ಗಿಡದ ಮೇಲಿರುವ ಜೀವಂತ ಗಿಡಹೇನಿನೊಳಗೆ ಮೊಟ್ಟೆಯಿಟ್ಟು ಹೋಗುತ್ತವೆ. ಹೇನು ಬೇಟೆಯಾಡುವ ಪುಟ್ಟ ಕಣಜ ಆ ಹೇನನ್ನೇ ಹಿಡಿದು ಗೂಡಿಗೆ ಹೊತ್ತೊಯ್ದರೆ ಶತ್ರುವನ್ನು ತಾನೇ ಮನೆಯೊಳಗೆ ಬಿಟ್ಟುಕೊಂಡಂತೆ.

ಕ್ರಿಸಿಡಿನಿ ಪಂಗಡದ ತಿರುಳು ಕ್ರಿಸಿಸ್ ಎಂಬ ಕುಲ. ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಒಂದೇ ಕುಲ ಇಡೀ ಕುಟುಂಬದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜಾಗ ಹಿಡಿದಿದೆ. ಮಣ್ಣಿನ ಗೂಡು ಕಟ್ಟುವ ಕಣಜಗಳು, ಮರದ ತೂತಿನಲ್ಲಿ ಜೇಡಗಳನ್ನು ತುಂಬಿಡುವ ಕಣಜಗಳು, ಒಂಟಿಜೇನುಗಳು ಇವುಗಳ ಆತಿಥೇಯರು. ಮರಿಹುಳುವಿನ ಊಟದ ಕ್ರಮ ಎರಡು ಬಗೆ. ಕೆಲವು ಆತಿಥೇಯರ ಮರಿ ಗೂಡಿನ ದಾಸ್ತಾನು ತಿಂದು ಕೊಬ್ಬುವವರೆಗೆ ಕಾಯುತ್ತವೆ, ಬಳಿಕ ಆ ಮರಿಯನ್ನೇ ತಿನ್ನುತ್ತವೆ. ಮತ್ತೆ ಕೆಲವು ಆತಿಥೇಯರ ಮೊಟ್ಟೆಯನ್ನೋ ಎಳೆಯ ಮರಿಯನ್ನೋ ಮೊದಲೇ ಮುಗಿಸಿ ದಾಸ್ತಾನಿಗೆ ಕೈಹಾಕುತ್ತವೆ. ಮೊದಲನೆಯದು ಪರಾವಲಂಬನೆ, ಎರಡನೆಯದು ಕಳ್ಳತನ. ಎರಡೂ ಒಂದೇ ಉಪಕುಟುಂಬದಲ್ಲಿವೆ. ಇದೇ ಪಂಗಡದ ಪ್ರೆಸ್ಟೋಕ್ರಿಸಿಸ್ ಶಾಂಘೈಯೆನ್ಸಿಸ್ ಮಾತ್ರ ಗೂಡುಗಳನ್ನು ಬಿಟ್ಟು, ಮೈಮೇಲೆ ಚುಚ್ಚುವ ಮುಳ್ಳಿರುವ ಕಂಬಳಿಹುಳುಗಳ ಗಟ್ಟಿ ಕೋಶಗಳ ಮೇಲೆ ಎರಗುತ್ತದೆ. ಪತಂಗವೊಂದರ ನಿಯಂತ್ರಣಕ್ಕೆಂದು ಕಳೆದ ಶತಮಾನದ ಆರಂಭದಲ್ಲಿ ಅದನ್ನು ಏಷ್ಯಾದಿಂದ ಅಮೆರಿಕಕ್ಕೆ ಒಯ್ದದ್ದೂ ಉಂಟು.

ಹಲ್ಲು ಎಣಿಸಿದ ಕಾಲ

ಕೋಗಿಲೆ ಕಣಜಗಳಿಗೆ ಹೆಸರಿಡುವ ಕೆಲಸ ಜೀವಿಗಳ ವರ್ಗೀಕರಣಕ್ಕೆ ಬುನಾದಿ ಹಾಕಿದ ಲಿನೆಯಸ್‌ನಿಂದಲೇ ಶುರುವಾಯಿತು. ಎದೆ ನೀಲಿ-ಹಸಿರು, ಹೊಟ್ಟೆ ಮಾಣಿಕ್ಯ ಕೆಂಪಾಗಿರುವ ಯುರೋಪಿನ ಸಾಮಾನ್ಯ ಪ್ರಭೇದಕ್ಕೆ ಆತ 1758ರಲ್ಲಿ ಹೆಸರಿಟ್ಟ. ಇಂದು ಅದು ಕ್ರಿಸಿಸ್ ಇಗ್ನೈಟಾ. ಕ್ರಿಸಿಸ್ ಕುಲವನ್ನು ಕಟ್ಟಿದ್ದು 1761ರಲ್ಲಿ. ಮುಂದಿನ ಶತಮಾನದಲ್ಲಿ ಉಷ್ಣವಲಯದಿಂದ ಯುರೋಪಿನ ಸಂಗ್ರಹಾಲಯಗಳಿಗೆ ಮಾದರಿಗಳು ಹರಿದುಬಂದಂತೆ ಕುಲ ಉಬ್ಬುತ್ತ ಹೋಯಿತು. ಬಣ್ಣದ ಜೊತೆಗೆ ಇನ್ನೊಂದು ಗುರುತು ಬೇಕಾಯಿತು.

ಆಗ ಸಿಕ್ಕಿದ್ದು ಹಲ್ಲು. ಕ್ರಿಸಿಸ್ ಕಣಜಗಳ ಹೊಟ್ಟೆಯ ಕೊನೆಯ ಫಲಕದ ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಫ್ರಾನ್ಸಿನ ಲಿಕ್ಟೆನ್‌ಸ್ಟೈನ್ 1876ರಲ್ಲಿ ಅವನ್ನು ಎಣಿಸಿ ಗುಂಪು ಮಾಡಿದ: ಮೂರಿದ್ದರೆ ಟ್ರೈಕ್ರಿಸಿಸ್, ನಾಲ್ಕಿದ್ದರೆ ಟೆಟ್ರಾಕ್ರಿಸಿಸ್, ಆರಿದ್ದರೆ ಹೆಕ್ಸಾಕ್ರಿಸಿಸ್. ಅಚ್ಚುಕಟ್ಟಾದ ವ್ಯವಸ್ಥೆ, ಗುರುತಿಸಲು ಸುಲಭ. ಆದರೆ ಹಲ್ಲುಗಳ ಸಂಖ್ಯೆ ಬೇರೆ ಬೇರೆ ಕವಲುಗಳಲ್ಲಿ ಸ್ವತಂತ್ರವಾಗಿ ಬದಲಾಗಿತ್ತು. ನಾಲ್ಕು ಹಲ್ಲಿನವೆಲ್ಲ ಒಡಹುಟ್ಟಿದವಾಗಿರಲಿಲ್ಲ. ಟ್ರೈಕ್ರಿಸಿಸ್ ಇಂದಿಗೂ ಕುಲವಾಗಿ ಉಳಿದಿದೆ. ಟೆಟ್ರಾಕ್ರಿಸಿಸ್, ಹೆಕ್ಸಾಕ್ರಿಸಿಸ್ ಹೆಸರುಗಳು ಬಳಕೆಯಿಂದ ಬಿದ್ದುಹೋದವು. ಬುಡಾಪೆಸ್ಟಿನ ಅಲೆಕ್ಸಾಂಡರ್ ಮೊಚಾರಿ 1889ರಲ್ಲಿ ಜಗತ್ತಿನ ಎಲ್ಲ ಕೋಗಿಲೆ ಕಣಜಗಳ ಮಹಾಗ್ರಂಥ ಪ್ರಕಟಿಸಿದಾಗಲೂ ಇಂಥ ಹೊರಗುರುತುಗಳೇ ಆಧಾರವಾಗಿದ್ದವು.

ಇಪ್ಪತ್ತನೆಯ ಶತಮಾನದ ನಡುವೆ ಸ್ವಿಟ್ಜರ್ಲೆಂಡಿನ ವಾಲ್ಟರ್ ಲಿನ್ಸೆನ್‌ಮೈಯರ್ ಈ ಕ್ಷೇತ್ರಕ್ಕೆ ಹೊಸ ಕಣ್ಣು ತಂದರು. ಅವರು ಮೂಲತಃ ಕೀಟಗಳನ್ನು ಚಿತ್ರಿಸುವ ಕಲಾವಿದ. ಬಣ್ಣದ ಸೂಕ್ಷ್ಮ, ಕುಳಿಗಳ ಹೆಣಿಗೆ, ಹೊಟ್ಟೆಯಡಿಯ ಕಪ್ಪು ಮಚ್ಚೆಗಳ ಆಕಾರ ಇವನ್ನೆಲ್ಲ ಗಮನಿಸಿ 1959ರ ತಮ್ಮ ಪರಿಷ್ಕರಣೆಯಲ್ಲಿ ಕ್ರಿಸಿಸ್ ಕುಲವನ್ನು ಪ್ರಭೇದ-ಗುಂಪುಗಳಾಗಿ ಜೋಡಿಸಿದರು. ಅವರ ಸಂಗ್ರಹ ಲೂಸರ್ನ್ ನಗರದ ಸಂಗ್ರಹಾಲಯದಲ್ಲಿದೆ. ಅವರು ಉಪಪ್ರಭೇದ, ಬಣ್ಣಭೇದಗಳಿಗೆ ಧಾರಾಳವಾಗಿ ಹೆಸರಿಟ್ಟರೆಂಬ ಆಕ್ಷೇಪವಿದೆ. ಆದರೆ ಅವರು ಬೇರ್ಪಡಿಸಿದ ಕೆಲವು ರೂಪಗಳು ಮುಂದೆ ನಿಜಕ್ಕೂ ಬೇರೆ ಪ್ರಭೇದಗಳೇ ಎಂದು ಸಾಬೀತಾದವು. ಕಲಾವಿದನ ಕಣ್ಣು ಕೆಲವೊಮ್ಮೆ ಅಳತೆಗೋಲಿಗಿಂತ ಮುಂದಿತ್ತು.

ಇವೆಲ್ಲವನ್ನೂ ಒಂದೆಡೆ ತಂದದ್ದು ಕ್ಯಾಲಿಫೋರ್ನಿಯಾದ ಲಿನ್ ಕಿಮ್ಸಿ ಮತ್ತು ರಿಚರ್ಡ್ ಬೊಹಾರ್ಟ್ 1991ರಲ್ಲಿ ಹೊರತಂದ ‘ದಿ ಕ್ರಿಸಿಡಿಡ್ ವಾಸ್ಪ್ಸ್ ಆಫ್ ದಿ ವರ್ಲ್ಡ್’. ಸಾಮ್ಯವನ್ನು ಲೆಕ್ಕ ಹಾಕುವುದರ ಬದಲು ಯಾವ ಲಕ್ಷಣ ಯಾವ ಪೂರ್ವಜನಿಂದ ಬಂತು ಎಂದು ಕೇಳಿ ಕುಲಗಳನ್ನು ಹೊಸದಾಗಿ ಕಟ್ಟಿದ ಗ್ರಂಥವಿದು. ಮೇಲೆ ಹೇಳಿದ ನಾಲ್ಕು ಉಪಕುಟುಂಬಗಳ ಚೌಕಟ್ಟನ್ನು ಇಂದಿಗೂ ಬಹುತೇಕರು ಬಳಸುವುದು ಅದರಿಂದಲೇ.

ವಾಸನೆ ಹೇಳಿದ ಸತ್ಯ

ಲಿನೆಯಸ್ ಒಂದೇ ಎಂದುಕೊಂಡಿದ್ದ ಕ್ರಿಸಿಸ್ ಇಗ್ನೈಟಾ ಇಂದು ಒಂದಲ್ಲ. ನೀಲಿ ಎದೆ, ಕೆಂಪು ಹೊಟ್ಟೆಯ ಆ ವೇಷದೊಳಗೆ ಹಲವು ಪ್ರಭೇದಗಳು ಸೇರಿಕೊಂಡಿದ್ದವು. ಉತ್ತರ ಯುರೋಪಿನ ಸಂಶೋಧಕರು ದೇಹರಚನೆಯ ಜೊತೆಗೆ ಡಿಎನ್‌ಎ ಓದಿ ಇವನ್ನು ಒಂದೊಂದಾಗಿ ಬಿಡಿಸಿದ್ದಾರೆ. ಶತಮಾನಗಳಿಂದ ಜಾಲಾಡಿದ ಆ ನಾಡಿನಲ್ಲೇ 2015ರಲ್ಲಿ ಕ್ರಿಸಿಸ್ ಬೊರಿಯಾಲಿಸ್ ಎಂಬ ಹೊಸ ಪ್ರಭೇದ ಸಿಕ್ಕಿತು.

ಡಿಎನ್‌ಎಯಷ್ಟೇ ಬೆಲೆಯುಳ್ಳ ಇನ್ನೊಂದು ಸಾಕ್ಷ್ಯ ಮೈವಾಸನೆ. ಕೀಟಗಳ ಮೈಮೇಲೆ ಮೇಣದಂಥ ಹೈಡ್ರೋಕಾರ್ಬನ್ ಲೇಪವಿರುತ್ತದೆ. ಕತ್ತಲ ಗೂಡಿನಲ್ಲಿ ತನ್ನವರು ಯಾರು, ಹೊರಗಿನವರು ಯಾರು ಎಂದು ಕಣಜಗಳಿಗೆ ಗೊತ್ತಾಗುವುದು ಅದರ ಮೂಲಕ. ಮೇಲೆ ಹೇಳಿದ ಹೆಡಿಕ್ರಮ್ ರುಟಿಲಾನ್ಸ್‌ನ ಲೇಪ ಫಿಲಾಂಥಸ್‌ನ ಲೇಪವನ್ನು ಹೋಲುತ್ತದೆ. ಅಷ್ಟೇ ಅಲ್ಲ, ಪ್ರಮಾಣವೂ ಕಡಿಮೆ. ಮಾರುವೇಷದ ಜೊತೆಗೆ ಸದ್ದಿಲ್ಲದ ಹೆಜ್ಜೆ. ಒಡೈನೆರಸ್ ಸ್ಪಿನೈಪಿಸ್ ಎಂಬ ಮಣ್ಣುಗೂಡಿನ ಕಣಜದ ವಿಷಯದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಕುತೂಹಲಕರ. ಈ ಪ್ರಭೇದದ ಹೆಣ್ಣುಗಳಲ್ಲಿ ಎರಡು ಬೇರೆ ಬೇರೆ ವಾಸನೆಯ ಬಗೆಗಳಿವೆ. ಅದರ ಗೂಡಿಗೆ ನುಗ್ಗುವ ಕೋಗಿಲೆ ಕಣಜಗಳಲ್ಲಿ ಕ್ರಿಸಿಸ್ ಮೀಡಿಯಾಟಾ ಒಂದು ಬಗೆಯನ್ನೂ ಸ್ಯೂಡೋಸ್ಪಿನೋಲಿಯಾ ನೆಗ್ಲೆಕ್ಟಾ ಇನ್ನೊಂದನ್ನೂ ಅನುಕರಿಸುತ್ತವೆ. ಕಳ್ಳನ ಕಾಟದಿಂದಲೇ ಮನೆಯೊಡತಿಯ ವಾಸನೆ ಇಬ್ಭಾಗವಾಗಿರಬಹುದು ಎಂಬುದು ಸಂಶೋಧಕರ ಊಹೆ. ಇಂಥ ಅನುಕರಣೆ ಆತಿಥೇಯರೊಂದಿಗೆ ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಕಣ್ಣಿಗೆ ಒಂದೇ ಎಂದು ಕಾಣುವ ಪ್ರಭೇದಗಳನ್ನು ಬೇರೆ ಮಾಡಲು ವಾಸನೆಯೂ ಒಂದು ಗುರುತಾಗಿದೆ.

ಕುಟುಂಬದ ದೊಡ್ಡ ಚಿತ್ರವನ್ನೂ ಡಿಎನ್‌ಎ ಅಲುಗಿಸಿದೆ. 2019ರಲ್ಲಿ ಯುರೋಪಿನ ಸಂಶೋಧಕರ ತಂಡವೊಂದು ಪ್ರಕಟಿಸಿದ ವಂಶವೃಕ್ಷದ ಪ್ರಕಾರ ಈಗಿನ ಕುಲಗಳಲ್ಲಿ ಕೆಲವು ವಂಶದ ಲೆಕ್ಕದಲ್ಲಿ ಸಹಜ ಗುಂಪುಗಳಲ್ಲ. ಅದೇ ಅಧ್ಯಯನ ಜೇನುಗಳನ್ನೇ ಆತಿಥೇಯರನ್ನಾಗಿ ಹಿಡಿದ, ಪ್ರಭೇದಗಳಿಂದ ತುಂಬಿದ ಒಂದು ಕವಲನ್ನು ತೋರಿಸಿತು. ರೂಪ ನೋಡಿ ಎಳೆದ ಗೆರೆ ಕುಸಿದ ಕಡೆಯಲ್ಲಿ ಆತಿಥೇಯರ ಪ್ರಕಾರ ಎಳೆದ ಗೆರೆ ನಿಂತಿತು.

ನಮ್ಮ ಲೆಕ್ಕ

ಭಾರತದ ಕೋಗಿಲೆ ಕಣಜಗಳ ಮೊದಲ ಸಮಗ್ರ ಪುಸ್ತಕ ಬಂದದ್ದು 1903ರಲ್ಲಿ. ಬ್ರಿಟಿಷ್ ಸೇನೆಯಲ್ಲಿದ್ದು, ಬರ್ಮಾದ ಅರಣ್ಯ ಇಲಾಖೆಯಲ್ಲಿ ದುಡಿದ ಚಾರ್ಲ್ಸ್ ಥಾಮಸ್ ಬಿಂಗಮ್ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಇರುವೆಗಳ ಜೊತೆ ಇವನ್ನೂ ಸೇರಿಸಿ ಬರೆದರು. ಈಚಿನ ವರ್ಷಗಳಲ್ಲಿ ಇಟಲಿಯ ತಜ್ಞ ಪಾವೊಲೊ ರೋಸಾ ಮತ್ತು ಕೇರಳದ ಸಂಶೋಧಕರು ಕೂಡಿ ಭಾರತದ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸಿದ್ದಾರೆ. ಈಗ ನಮ್ಮಲ್ಲಿ ದಾಖಲಾದ ಪ್ರಭೇದಗಳು ನೂರಕ್ಕೂ ಹೆಚ್ಚು. ಆದರೆ ಹಳೆಯ ಹೆಸರುಗಳಿಗೆ ಆಧಾರವಾದ ಮೂಲ ಮಾದರಿಗಳಲ್ಲಿ ಬಹಳಷ್ಟು ಲಂಡನ್, ಪ್ಯಾರಿಸ್, ಬುಡಾಪೆಸ್ಟ್‌ಗಳ ಸಂಗ್ರಹಾಲಯಗಳಲ್ಲಿವೆ. ಇಲ್ಲಿ ಹಿಡಿದ ಕಣಜ ಹೊಸದೋ ಹಳೆಯದೋ ಎಂದು ತೀರ್ಮಾನಿಸಲು ಅಲ್ಲಿಯ ಪೆಟ್ಟಿಗೆ ತೆರೆಯಬೇಕು.

ನಮ್ಮಲ್ಲಿ ಸುಲಭವಾಗಿ ಕಾಣಸಿಗುವ ದೊಡ್ಡ ಪ್ರಭೇದ ಸ್ಟಿಲ್ಬಮ್ ಸಯಾನುರಮ್. ದಕ್ಷಿಣ ಯುರೋಪಿನಿಂದ ಆಫ್ರಿಕಾ, ಏಷ್ಯಾ ದಾಟಿ ಆಸ್ಟ್ರೇಲಿಯಾದವರೆಗೆ ಹಬ್ಬಿರುವ ಈ ಕಣಜ ಮಣ್ಣಿನ ಗೂಡು ಕಟ್ಟುವ ಕಣಜಗಳನ್ನು ಅವಲಂಬಿಸಿದೆ. ಅದರ ಬಣ್ಣಭೇದಗಳಿಗೆ ಹಿಂದಿನವರು ಕೊಟ್ಟ ಹೆಸರುಗಳ ರಾಶಿಯೇ ಇದೆ. ಇಷ್ಟು ಪರಿಚಿತವಾದ ಪ್ರಭೇದವನ್ನು ಬಿಟ್ಟರೆ ಭಾರತದ ಬಹುಪಾಲು ಕೋಗಿಲೆ ಕಣಜಗಳು ಹೆಸರಷ್ಟೇ. ಬಲೆಗೆ ಸಿಕ್ಕವು, ಸೂಜಿಗೆ ಚುಚ್ಚಿದವು, ಹಲ್ಲು ಎಣಿಸಿದವು. ಅವು ಯಾರ ಗೂಡಿನಲ್ಲಿ ಬೆಳೆದವು ಎಂಬ ಸಾಲು ಖಾಲಿ. ಈ ಕುಟುಂಬದಲ್ಲಿ ವರ್ಗೀಕರಣವನ್ನು ಗಟ್ಟಿ ಮಾಡಿದ್ದೇ ಆ ಸಾಲು. ಪರಾವಲಂಬಿ ಬದುಕಬೇಕಾದರೆ ಆತಿಥೇಯರು ಅದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿರಬೇಕು. ಹಾಗಾಗಿ ಒಂಟಿಜೇನು, ಬೇಟೆಗಾರ ಕಣಜಗಳು ಸೊರಗತೊಡಗಿದರೆ ಮೊದಲು ಕಣ್ಮರೆಯಾಗುವುದು ಇವೇ. ಯಾರು ಯಾರನ್ನು ನೆಚ್ಚಿದ್ದಾರೆಂದು ಗೊತ್ತಿಲ್ಲದಿದ್ದರೆ ಆ ನಷ್ಟ ನಮ್ಮ ಗಮನಕ್ಕೂ ಬರುವುದಿಲ್ಲ.

ಆ ಖಾಲಿ ಸಾಲನ್ನು ತುಂಬಲು ದುಬಾರಿ ಯಂತ್ರ ಬೇಕಿಲ್ಲ. ವಿಜ್ಞಾನಿಗಳಾದ ಹೆಲೆನ್ ಸ್ಪರ್ವೆ ಮತ್ತು ಎಸ್. ಡಿ. ಜಯಕರ್ 1960ರ ದಶಕದಲ್ಲಿ ಭಾರತದ ಮಣ್ಣುಗೂಡಿನ ಕಣಜಗಳನ್ನು ಗೂಡಿನ ಬಳಿಯೇ ಕೂತು ಅಧ್ಯಯನ ಮಾಡಿದ್ದರು. ಬಿದಿರಿನ ತುಂಡುಗಳನ್ನು ಕಟ್ಟಿ ತೋಟದಲ್ಲಿ ತೂಗುಹಾಕಿದರೆ ಒಂಟಿಜೇನುಗಳೂ ಕಣಜಗಳೂ ಅದರಲ್ಲಿ ಗೂಡು ಮಾಡುತ್ತವೆ, ಅವುಗಳ ಹಿಂದೆ ಕೋಗಿಲೆ ಕಣಜಗಳೂ ಬರುತ್ತವೆ. ಗೋಡೆಯ ಮಣ್ಣಿನ ಗೂಡನ್ನು ಕೆರೆದು ಎಸೆಯುವ ಬದಲು ಬಾಟಲಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿ ಕಾದರೂ ಸಾಕು. ಹೊರಬಂದ ಮಾದರಿಗಳನ್ನು ಪರೀಕ್ಷಿಸಿ ಕಾಪಿಡಲು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಂಥ ಸಂಸ್ಥೆಗಳಿವೆ. ಜೀವಶಾಸ್ತ್ರ ಓದುವ ಕಾಲೇಜು ವಿದ್ಯಾರ್ಥಿಗಳು ಒಂದು ಮಳೆಗಾಲದಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು. ಷರತ್ತು ಒಂದೇ: ಮಾದರಿಯ ಕೆಳಗಿನ ಚೀಟಿಯಲ್ಲಿ ಊರು ಮತ್ತು ತಾರೀಖಿನ ಜೊತೆಗೆ ಗೂಡು ಯಾರದು ಎಂಬುದನ್ನೂ ಬರೆದಿರಬೇಕು.